ಪದವಿಗಾಗಿ ಪದವಿ

‘ಪದವಿ’ ಎಂಬ ಒಂದೇ ಶಬ್ದದಿಂದ ಕನ್ನಡಿಗರು ಎರಡು ವಸ್ತುಗಳನ್ನು ಕರೆಯುತ್ತಾರೆ. ವಿಶ್ವವಿದ್ಯಾಲಯವು ಕೊಡುವದೂ ಪದವಿ, ಸರಕಾರವು ಕೊಡುವದೂ ಪದವಿ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಹಾದಿ ಎಂಬ ಅರ್ಥವುಂಟು. ಈಗಿನ ಕಾಲದಲ್ಲಿ ಮೊದಲನೆಯದು ಎರಡನೆಯದಕ್ಕೆ ಬರಿಯ ಹಾದಿಯಾಗಿ ಬಿದ್ದಿರುವದರಿಂದ ಶಬ್ದಾರ್ಥವು ಸರಿಹೋಯಿತೆಂದು ವೈಯಾಕರಣರು ಬೇಕಾದರೆ ಸಂತೋಷಪಡಲಿ. ಆದರೆ ಆ ಹಾದಿಯಲ್ಲಿ ಹೋಗುವ ಮಕ್ಕಳನ್ನು ಇಕ್ಕೆಲದಲ್ಲಿ ಏನೂ ಕಾಣದಂತೆ ಕಣ್ಣು ಕಟ್ಟಿ ಕಳಿಸಲಾಗುತ್ತಿದೆ ಎಂಬದೇ ಇಲ್ಲಿಯ ಆಕ್ಷೇಪ.

ಮುಂಡರಗಿ ತಾಲೂಕಿನ ಹಮ್ಮಿಗಿಯು ತುಂಗಭದ್ರೆಯ ದಂಡೆಯ ಗ್ರಾಮ. ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಅಲ್ಲಿಯೇ ಇರುವದರಿಂದ ಅದರ ಹೆಸರು ಜಿಲ್ಲೆಯ ಹೊರಗೂ ತಿಳಿದಿದೆ. ಹಮ್ಮಿಗಿಯಂಥ ಊರುಗಳಲ್ಲಿ ಒಕ್ಕಲುತನದ ಮನೆಯ ಹುಡುಗನು ಹತ್ತನೆಯ ಇಯತ್ತೆಯನ್ನು ದಾಟಿದನೆಂದರೆ ಹಿರಿಯರು ಅವನ ಮುಂದೆ ಇಡುವ ಆಶೆಗಳಲ್ಲಿ ಖಾಕಿಯ ಉಡುಪಿಗೆ ಮೊದಲ ಸ್ಥಾನ. ಈಚೆಗೆ ಹೆಣ್ಣುಮಕ್ಕಳ ಮುಂದೆಯೂ ಅದೇ ಆಶೆ ಬಂದಿದೆ, ಬಂದದ್ದು ಒಳ್ಳೆಯದೇ. ಮುಗಿಲು ನೋಡಿ ಬಿತ್ತುವ ಮನೆಗೆ ತಿಂಗಳ ಸಂಬಳವು ಎಂಥ ಆಧಾರವೆಂಬದನ್ನು ಪಟ್ಟಣದವರಿಗೆ ಬಿಡಿಸಿ ಹೇಳಬೇಕಾದೀತು, ಹಳ್ಳಿಯವರಿಗೆ ಬೇಕಿಲ್ಲ. ಆದುದರಿಂದ ಆ ಆಶೆಯನ್ನು ಹಳಿಯತಕ್ಕದ್ದಿಲ್ಲ. ಹಳಿಯತಕ್ಕದ್ದು ಅದರ ಬೆನ್ನ ಹಿಂದೆ ಬರುವ ಈ ಮಾತನ್ನು: “ಯಾವುದರೆ ಒಂದು ಡಿಗ್ರಿ ಮುಗಿಸಿಬಿಡಲಿ, ಆಮ್ಯಾಲೆ ಫೌಜದಾರ ಆಗ್ತಾನ.”

ನಿಯಮದ ಮಟ್ಟಿಗೆ ಈ ಮಾತು ಸುಳ್ಳಲ್ಲ. ಕರ್ನಾಟಕದಲ್ಲಿ ಸಶಸ್ತ್ರ ದಳದ ಪೇದೆಗೆ ಎಸ್.ಎಸ್.ಎಲ್.ಸಿ. ಸಾಕು. ಠಾಣೆಯ ಪೇದೆಗೆ ಪಿ.ಯು.ಸಿ. ಬೇಕು. ಸಬ್ ಇನ್ಸ್‌ಪೆಕ್ಟರನಿಗೆ, ಎಂದರೆ ಈ ಭಾಗದ ಜನರು ಇಂದಿಗೂ ಫೌಜದಾರನೆಂದು ಕರೆಯುವ ಅಧಿಕಾರಿಗೆ, ಮಾನ್ಯವಾದ ಯಾವುದಾದರೊಂದು ವಿಶ್ವವಿದ್ಯಾಲಯದ ಯಾವುದಾದರೊಂದು ಪದವಿ ಬೇಕು. ‘ಯಾವುದಾದರೊಂದು’ ಎಂದು ಸರಕಾರವೇ ಹೇಳಿದ ಮೇಲೆ ರೈತನು ಹೇಳಿದರೆ ತಪ್ಪೇನು? ತಪ್ಪು ಇಷ್ಟೇ: ಸರಕಾರವು ‘ಯಾವುದನ್ನು ಓದಿದರೂ ಸರಿ’ ಎಂದದ್ದನ್ನು ಜನರು ‘ಓದದಿದ್ದರೂ ಸರಿ’ ಎಂದು ತಿಳಿದುಕೊಂಡರು.

ಹೀಗೆ ತಿಳಿದದ್ದರ ಫಲವು ಕಣ್ಣೆದುರಿಗಿದೆ. ಮುಂಡರಗಿಯಲ್ಲೋ ಗದಗಿನಲ್ಲೋ ಬಿ.ಎ. ತರಗತಿಗೆ ಹೆಸರು ಹಚ್ಚುವದು. ಹಾಜರಿಗೆ ಬೇಕಾದಷ್ಟು ದಿನ ಮುಖ ತೋರಿಸುವದು. ಪರೀಕ್ಷೆಯು ಹತ್ತಿರ ಬಂದಾಗ ಹದಿನೈದು ದಿನ ಗೈಡು ತಿರುವಿಹಾಕುವದು. ಮೂರು ವರುಷಗಳಲ್ಲಿ ಒಂದು ಗ್ರಂಥವನ್ನಾದರೂ ಮೊದಲಿನಿಂದ ಕೊನೆಯವರೆಗೆ ಓದದೆ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆಯುಳ್ಳ ಕಾಗದವನ್ನು ಮನೆಗೆ ತರುವದು. ಆ ಮೇಲೆ ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆಯ ಕೋಣೆ, ಮೆಸ್ಸಿನ ಊಟ, ಕೋಚಿಂಗ್ ತರಗತಿ. ನಸುಕಿನಲ್ಲಿ 1600 ಮೀಟರಿನ ಓಟ, ಗುಂಡು ಎಸೆಯುವ ಅಭ್ಯಾಸ. ಈ ಶ್ರಮದಲ್ಲಿ ಕಪಟವಿಲ್ಲ. ಅಲ್ಲಿಯ ಹುಡುಗರು ದಿನಕ್ಕೆ ಹತ್ತು ತಾಸು ಕುಳಿತು ಓದುವವರಿದ್ದಾರೆ. ಆದರೆ ವಿಚಿತ್ರವನ್ನು ನೋಡಬೇಕು. ಕಾಲೇಜಿನಲ್ಲಿ ಅಲ್ಪ ಶುಲ್ಕಕ್ಕೆ ಮೂರು ವರುಷ ಕಲಿಸುತ್ತಿದ್ದ ಇತಿಹಾಸವನ್ನೂ ರಾಜ್ಯಶಾಸ್ತ್ರವನ್ನೂ ಒಲ್ಲೆನೆಂದು ಬಂದವನು ಅವನ್ನೇ ಇಲ್ಲಿ ತಂದೆಯು ಸಾಲ ತೆಗೆದ ಹಣವನ್ನು ಕೊಟ್ಟು ನಾಲ್ಕು ನಾಲ್ಕು ಉತ್ತರಗಳ ಚೂರುಗಳಾಗಿ ಕೊಳ್ಳುತ್ತಾನೆ. ಕಾಳು ಚೆಲ್ಲಿ ಹೊಟ್ಟು ಕೊಂಡಂತಾಯಿತು.

ಫೌಜದಾರನಿಗೆ ಓದು ಯಾತಕ್ಕೆ, ಎದೆಯಗಲ ಎತ್ತರ ಇದ್ದರೆ ಸಾಲದೆ, ಎನ್ನುವವರು ಇನ್ನೂ ಇದ್ದಾರೆ. ಅವರು ಠಾಣೆಯ ಕೆಲಸವನ್ನು ಜಾತ್ರೆಯ ಬಂದೋಬಸ್ತಿನಲ್ಲಿ ಮಾತ್ರ ನೋಡಿದವರು. ಠಾಣೆಯು ನಡೆಯುವದು ಲೇಖಣಿಯಿಂದ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮನ್ನು ತೆಗೆದು ನೋಡಿರಿ. ಫಿರ್ಯಾದಿಯು ಬಾಯಿಂದ ಹೇಳಿದ್ದನ್ನು ಬರವಣಿಗೆಗೆ ಇಳಿಸಬೇಕು, ಅದನ್ನು ಅವನಿಗೆ ಓದಿ ಹೇಳಬೇಕು, ಅವನ ಸಹಿ ಪಡೆಯಬೇಕು, ಒಂದು ಪ್ರತಿಯನ್ನು ಹಣವಿಲ್ಲದೆ ಕೊಡಬೇಕು. ಇದರ ಮೊದಲಿನ ಕಾಯದೆಯಲ್ಲಿಯೂ ಹೀಗೆಯೇ ಇತ್ತು. ಹೊಳೆದಂಡೆಯ ಹೊಲದಿಂದ ಒಬ್ಬ ಹೆಣ್ಣುಮಗಳು ಠಾಣೆಗೆ ಬಂದಳೆಂದು ಇಟ್ಟುಕೊಳ್ಳೋಣ. “ಅಡ್ಡ ಬಂದ್ರ ಕಾಲು ಮುರಿತೀನಿ ಅಂದಾರೀ, ಅಂದು ಮೋಟರು ಹೊತಗೊಂಡು ಹೋದಾರೀ” ಎಂದು ಅವಳು ಅಳುತ್ತ ಹೇಳುತ್ತಾಳೆ. ನಡುವೆ ಗಂಡನ ಕುಡಿತ, ಮೈದುನನ ಪಾಲು, ಒಡ್ಡಿನ ಜಗಳ ಎಲ್ಲವೂ ಬರುತ್ತವೆ. ಬರೆದುಕೊಳ್ಳುವವನು ಬೇಸತ್ತು ‘ಮೋಟರು ಕಳವಾಗಿದೆ’ ಎಂದು ಒಂದು ಸಾಲಿನಲ್ಲಿ ಮುಗಿಸಿದರೆ ಅದು ಕಳವು. ಕಾಲು ಮುರಿಯುವೆನೆಂದು ಹೆದರಿಸಿದ ಮಾತು ಕಾಗದಕ್ಕೆ ಬಂದರೆ ಅದು ಸುಲಿಗೆ. ಕಲಮು ಬೇರೆ, ಶಿಕ್ಷೆ ಬೇರೆ. ಅವಳ ಪಾಲಿನ ನ್ಯಾಯವು ಆ ಒಂದು ವಾಕ್ಯದಲ್ಲಿ ಇದ್ದಿತು. ಮುಂದೆ ನಾಲ್ಕು ವರುಷಕ್ಕೆ ನ್ಯಾಯಾಲಯದಲ್ಲಿ ಆರೋಪಿಯ ವಕೀಲನು ಅದೇ ಕಾಗದವನ್ನು ಹಿಡಿದು, ‘ಬೆದರಿಕೆಯ ಮಾತು ಮೊದಲ ದಿನ ಇರಲಿಲ್ಲ, ಈಗ ಎಲ್ಲಿಂದ ಬಂತು?’ ಎಂದು ಅವಳನ್ನೇ ಕೇಳುತ್ತಾನೆ.

ಕೇಳಿದ್ದನ್ನು ಕೇಳಿದಂತೆ, ಮುಖ್ಯವನ್ನು ಬಿಡದೆ, ತನ್ನದನ್ನು ಸೇರಿಸದೆ ತಿಳಿಗನ್ನಡದಲ್ಲಿ ಬರೆಯುವ ಈ ಶಕ್ತಿಯು ಗುಂಡು ಎಸೆಯುವದರಿಂದ ಬರುವದಿಲ್ಲ. ಅದು ಬರುವದು ಭಾಷೆಯನ್ನೂ ಚರಿತ್ರೆಯನ್ನೂ ತರ್ಕವನ್ನೂ ನಿಧಾನವಾಗಿ ಓದಿದವನಿಗೆ. ಯಾವ ಬಿ.ಎ.ಯನ್ನು ಹುಡುಗರು ದಾಟಿಹೋಗುವ ಸುಂಕದ ಕಟ್ಟೆಯೆಂದು ತಿಳಿದಿದ್ದಾರೋ ಅದೇ ಬಿ.ಎ. ಈ ವಿದ್ಯೆಯ ಮನೆ.

ಪೋಲೀಸನ ಕೈಗೆ ಅಧಿಕಾರ ಕೊಟ್ಟ ಶಾಸ್ತ್ರಕಾರರು ಅವನ ಮಾತಿನ ಮೇಲೆ ಎಂದೂ ಪೂರ್ಣ ವಿಶ್ವಾಸವಿಟ್ಟವರಲ್ಲ ಎಂಬದನ್ನೂ ಇಲ್ಲಿ ನೆನೆಯಬೇಕು. 1872ರ ಸಾಕ್ಷ್ಯ ಕಾಯದೆಯ 25ನೆಯ ಕಲಮು ಪೋಲೀಸ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಿಗೆ ತರಗೊಡಲಿಲ್ಲ. 2023ರ ಹೊಸ ಸಾಕ್ಷ್ಯ ಅಧಿನಿಯಮವು ಅದನ್ನೇ 23ನೆಯ ಕಲಮಿನಲ್ಲಿ ಉಳಿಸಿಕೊಂಡಿತು. ಇದು ಪರಕೀಯರು ತಂದ ಸಂಶಯವೆಂದು ಯಾರೂ ಹೇಳದಿರಲಿ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣವಿದೆ. ಅದರಲ್ಲಿ ಅಕಸ್ಮಾತ್ ಸತ್ತವನ ದೇಹವನ್ನು ಪರೀಕ್ಷಿಸುವ ಕ್ರಮವೂ ಶಂಕಿತನನ್ನು ಪ್ರಶ್ನಿಸುವ ಕ್ರಮವೂ ಬೇರೆ ಬೇರೆ ಅಧ್ಯಾಯಗಳಾಗಿವೆ. ಪ್ರಶ್ನಿಸುವ ಅಧ್ಯಾಯದಲ್ಲಿ ಆಚಾರ್ಯನು ಮಾಂಡವ್ಯನ ಉದಾಹರಣೆಯನ್ನು ತರುತ್ತಾನೆ: ಕಳ್ಳನಲ್ಲದ ಆ ಋಷಿಯು ಹಿಂಸೆಯ ಭಯದಿಂದ ತಾನೇ ಕಳ್ಳನೆಂದು ಒಪ್ಪಿಕೊಂಡನಂತೆ. ಕಾಳಿದಾಸನ ಶಾಕುಂತಲದ ಆರನೆಯ ಅಂಕದ ಮೊದಲಲ್ಲಿ ಉಂಗುರ ಸಿಕ್ಕ ಬೆಸ್ತನನ್ನು ಕಾವಲುಗಾರರು ಮೊದಲು ಹೊಡೆಯುತ್ತಾರೆ, ಆ ಮೇಲೆ ಕೇಳುತ್ತಾರೆ. ಅವನಿಗೆ ಅರಸನ ಇನಾಮು ಬಂದೊಡನೆ ಅದರಲ್ಲಿ ಅರ್ಧಕ್ಕೆ ಪಾಲುದಾರರಾಗಿ ಹೆಂಡದ ಅಂಗಡಿಗೆ ಸ್ನೇಹಿತರಾಗಿ ನಡೆಯುತ್ತಾರೆ. ಇಂದಿನ ಪತ್ರಿಕೆಗಳನ್ನು ಓದುವ ಗೃಹಸ್ಥರಿಗೆ ಈ ಪ್ರವೇಶಕವು ಹಳೆಯದೆನಿಸಲಾರದು. ಇವನ್ನೆಲ್ಲ ಒಮ್ಮೆಯಾದರೂ ಓದಿ ಯೋಚಿಸಿದವನ ಕೈಯಲ್ಲಿ ಲಾಠಿಯು ಸ್ವಲ್ಪ ತಡೆದು ಏಳುತ್ತದೆ. ಪದವಿಯಿಂದ ನಿರೀಕ್ಷಿಸತಕ್ಕದ್ದು ಈ ತಡೆಯನ್ನು.

ಹಾಗಾದರೆ ಪೋಲೀಸ ಕೆಲಸಕ್ಕೆಂದೇ ಇರುವ ವಿಷಯವನ್ನು ಓದಿದರಾಯಿತು, ಎಂದು ಕೆಲವರ ವಾದ. ಧಾರವಾಡದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನವನ್ನು ಕಲಿಸುತ್ತಾರೆ. ಗುಜರಾತದ ಗಾಂಧೀನಗರದ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯವು ಶಿವಮೊಗ್ಗೆಯಲ್ಲಿಯೂ ಒಂದು ಆವರಣವನ್ನು ತೆರೆದಿದೆ. ಇವು ಬೇಕಾದ ವಿದ್ಯೆಗಳೇ. ಏಳು ವರುಷ ಅಥವಾ ಅದಕ್ಕೆ ಮಿಕ್ಕ ಶಿಕ್ಷೆಯುಳ್ಳ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೆ ಬಂದು ಪರೀಕ್ಷಿಸಬೇಕೆಂದು ಹೊಸ ಸಂಹಿತೆಯೇ ಹೇಳುವಾಗ ಅವುಗಳ ಬೆಲೆ ಏರುವದು ಸಹಜ. ಒಲವಿದ್ದವನು ಅವಶ್ಯವಾಗಿ ಓದಲಿ. ಆದರೆ ನೇಮಕದ ನಿಯಮವು ಆ ಪದವಿಯನ್ನೇ ಕೇಳುವದಿಲ್ಲ. ಕಾಗದದ ಮೇಲೆ ‘ಅಪರಾಧ’ ಎಂಬ ಶಬ್ದವಿದ್ದರೆ ಠಾಣೆಯ ಬಾಗಿಲು ತಾನಾಗಿ ತೆರೆಯುವದೆಂದು ನಂಬಿ ಮನೆಯವರು ಹಣ ಹೂಡುವದಾದರೆ, ಅದು ‘ಯಾವುದರೆ ಒಂದು ಡಿಗ್ರಿ’ಯ ತಮ್ಮನೇ ಹೊರತು ಬೇರೆಯಲ್ಲ.

ಓದು ಬರಿಯ ಸುಂಕವೆನ್ನುವ ಬುದ್ಧಿಯು ಎಲ್ಲಿಗೆ ಮುಟ್ಟುವದೆಂಬದನ್ನು ರಾಜ್ಯವು ಈಗಾಗಲೇ ನೋಡಿದೆ. 2021ರ ಅಕ್ಟೋಬರ 3ರಂದು 545 ಸಬ್ ಇನ್ಸ್‌ಪೆಕ್ಟರ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಸುಮಾರು 54,000 ಜನರು ಕುಳಿತರು. ಉತ್ತರದ ಹಾಳೆಗಳನ್ನು ಹಿಂದಿನಿಂದ ತುಂಬಿದ್ದು, ಕಿವಿಯಲ್ಲಿ ಬ್ಲೂಟೂತ್ ಯಂತ್ರವಿಟ್ಟು ಬರೆದದ್ದು ಹೊರಬಿದ್ದು ಸಿ.ಐ.ಡಿ. ತನಿಖೆ ನಡೆಯಿತು, ನೇಮಕಾತಿಯ ಮೇಲ್ವಿಚಾರಣೆಯಲ್ಲಿದ್ದ ಹಿರಿಯ ಅಧಿಕಾರಿಯೂ ಬಂಧಿತರಾದರು. 2022ರ ಏಪ್ರಿಲಿನಲ್ಲಿ ಸರಕಾರವು ಪರೀಕ್ಷೆಯನ್ನು ರದ್ದುಪಡಿಸಿತು, 2023ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿ ಹಿಡಿಯಿತು, ಮರುಪರೀಕ್ಷೆ ಆದದ್ದು 2024ರ ಜನವರಿ 23ರಂದು. ನ್ಯಾಯವಾಗಿ ಬರೆದವರ ವಯಸ್ಸು ಈ ಎರಡು ವರುಷ ಮೂರು ತಿಂಗಳು ಸುಮ್ಮನೆ ಕಾಯಲಿಲ್ಲ. ಮೋಸ ಮಾಡಿದವರನ್ನು ಕಾಯದೆಯು ನೋಡಿಕೊಳ್ಳಲಿ. ಆದರೆ ಪದವಿಯನ್ನೇ ಸುಂಕವೆಂದು ಕಲಿತು ಬಂದವನಿಗೆ ಪರೀಕ್ಷೆಯೂ ಇನ್ನೊಂದು ಸುಂಕವಾಗಿ ಕಂಡರೆ, ಅದನ್ನು ಹಣದಿಂದ ತೀರಿಸಬಹುದೆಂದು ತೋಚಿದರೆ, ಆಶ್ಚರ್ಯಪಡುವ ಅಧಿಕಾರ ಮನೆಯ ಹಿರಿಯರಿಗೂ ಇಲ್ಲ, ಗೈಡು ಮಾರಿದ ಅಂಗಡಿಗೂ ಇಲ್ಲ, ಓದದವನನ್ನು ತೇರ್ಗಡೆ ಮಾಡಿದ ವಿಶ್ವವಿದ್ಯಾಲಯಕ್ಕಂತೂ ಇಲ್ಲವೇ ಇಲ್ಲ.

ಪರೀಕ್ಷೆಯ ರಚನೆಯಲ್ಲಿಯೂ ದೋಷವಿದೆ. ಪ್ರಬಂಧ, ಸಂಕ್ಷೇಪಲೇಖನ, ಭಾಷಾಂತರ ಇವುಗಳಿಗೆ 50 ಅಂಕ. ಚುಕ್ಕೆಗಳನ್ನು ಕಪ್ಪು ಮಾಡುವ ಪತ್ರಿಕೆಗೆ 150. ಜೀವಮಾನವೆಲ್ಲ ಬರೆಯಬೇಕಾದವನನ್ನು ಬರವಣಿಗೆಯಲ್ಲಿ ಕಾಲುಭಾಗ ಮಾತ್ರ ಪರೀಕ್ಷಿಸುವದು ಯಾವ ನ್ಯಾಯ? ಹಳ್ಳಿಯ ಮಾತಿನಲ್ಲಿ ಹೇಳಿದ ಒಂದು ಫಿರ್ಯಾದಿಯನ್ನು ಅಭ್ಯರ್ಥಿಗಳಿಗೆ ಕೇಳಿಸಿ, ಅದನ್ನು ಅವರಿಂದ ಬರೆಯಿಸಿ, ಅದಕ್ಕೆ ನೂರು ಅಂಕ ಇಡಲಿ. ಸಪ್ತಾಪುರದ ತರಗತಿಗಳು ಮರುದಿನವೇ ಕನ್ನಡವನ್ನು ಕಲಿಸತೊಡಗುವವು. ಮರುವರುಷಕ್ಕೆ ಕಾಲೇಜುಗಳೂ ಕಲಿಸಬಹುದು.

ಇನ್ನು ಉಳಿದವರ ಮಾತು. 545ಕ್ಕೆ 54,000 ಎಂದರೆ ನೂರರಲ್ಲಿ ತೊಂಬತ್ತೊಂಬತ್ತು ಜನರು ತಿರುಗಿ ಮನೆಗೆ ಬರುವವರು. ಖಾಕಿ ಸಿಕ್ಕವನಿಗೆ ಸರಕಾರವು ಮೈಸೂರಿನಲ್ಲೋ ಕಲಬುರಗಿಯಲ್ಲೋ ತರಬೇತಿ ಕೊಟ್ಟು ಅಷ್ಟಿಷ್ಟಾದರೂ ತಿದ್ದೀತು. ಸಿಗದವನ ಕೈಯಲ್ಲಿರುವದು ಆ ಪದವಿಯೊಂದೇ, ಅದರೊಳಗೆ ಏನೂ ಇಲ್ಲ. ಹಮ್ಮಿಗಿಯ ಬ್ಯಾರೇಜಿನ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟ ಕುಟುಂಬಗಳು ಈ ತಾಲೂಕಿನಲ್ಲಿವೆ. ಭೂಸ್ವಾಧೀನದ ನೋಟೀಸು, ಪರಿಹಾರದ ಆದೇಶ, ಉತಾರದಲ್ಲಿಯ ಹೆಸರಿನ ತಿದ್ದುಪಡಿ, ಇವೆಲ್ಲ ಓದಿ ತಿಳಿದು ಅವಧಿಯೊಳಗೆ ಉತ್ತರ ಬರೆಯಬೇಕಾದ ಕಾಗದಗಳು. ಮೂರು ವರುಷ ಕಾಲೇಜು, ಮೂರು ವರುಷ ಧಾರವಾಡ ಮುಗಿಸಿದ ಮಗನು ಮನೆಯಲ್ಲಿದ್ದಾಗಲೂ ತಂದೆಯು ಆ ಕಾಗದವನ್ನು ಚೀಲದಲ್ಲಿ ಮಡಚಿಟ್ಟುಕೊಂಡು, ಅರ್ಜಿ ಬರೆಯುವವನನ್ನು ಹುಡುಕುತ್ತ ಮುಂಡರಗಿಯ ಬಸ್ಸು ಹತ್ತುತ್ತಾನೆ.