ಪಾಂಬಬ್ಬೆ ಅಂದ್ರೆ ನಗಬೇಡಿ

ಮಗುವಿಗೆ ಹೆಸರಿಡಬೇಕು ಅಂದ್ರೆ ಈಗ ಮೊದಲು ತೆರೆಯೋದು ಮೊಬೈಲ್. ‘ಯುನೀಕ್’ ಆಗಿರಬೇಕು, ಎರಡೇ ಅಕ್ಷರ ಇರಬೇಕು, ಯಾರೂ ಇಟ್ಟಿರಬಾರದು. ಹುಡುಕಿ ಹುಡುಕಿ ಕೊನೆಗೆ ಸಿಗೋದು ಬೀದಿಗೆ ನಾಲ್ಕಿರುವ ಹೆಸರೇ. ನಿಜಕ್ಕೂ ಅಪರೂಪದ ಹೆಸರೊಂದು ನಮ್ಮ ಕಡೂರಿನ ಕಲ್ಲಿನ ಮೇಲೇ ಇದೆ: ಪಾಂಬಬ್ಬೆ.

ಕ್ರಿ.ಶ. 971ರ ಕಡೂರು ಶಾಸನ ಈಕೆಯದು. ಗಂಗರ ದೊರೆ ಬೂತುಗನ ಅಕ್ಕ, ದೋರಪಯ್ಯನ ಹೆಂಡತಿ. ಅರಮನೆಯ ಹೆಣ್ಣುಮಗಳು ತಲೆಗೂದಲು ಕಿತ್ತು ಜೈನ ದೀಕ್ಷೆ ಹಿಡಿದು, 30 ವರ್ಷ ತಪಸ್ಸು ಮಾಡಿ ದೇಹ ಬಿಟ್ಟಳು. ತಮ್ಮ ಬೂತುಗ 949ರ ತಕ್ಕೋಲ ಯುದ್ಧದಲ್ಲಿ ಚೋಳ ರಾಜಕುಮಾರನನ್ನು ಕೊಂದದ್ದು ಇತಿಹಾಸದ ಪುಸ್ತಕದಲ್ಲಿದೆ. ಲೆಕ್ಕ ಹಾಕಿ ನೋಡಿ, ಅಷ್ಟೊತ್ತಿಗೆ ಅಕ್ಕ ತಪಸ್ಸಿಗೆ ಕೂತು ಸುಮಾರು ಎಂಟು ವರ್ಷ ಆಗಿತ್ತು.

‘ಅಬ್ಬೆ’ ಅಂದ್ರೆ ಹಳಗನ್ನಡದಲ್ಲಿ ತಾಯಿ. ಹವ್ಯಕರ ಮನೆಗಳಲ್ಲಿ ಇವತ್ತಿಗೂ ಆ ಮಾತು ಬದುಕಿದೆ. ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆಯ ಹೆಸರಲ್ಲೂ ಅದೇ ಇದೆ. ಗಂಡಿಗೆ ‘ಅಯ್ಯ’, ಹೆಣ್ಣಿಗೆ ‘ಅಬ್ಬೆ’: ದೋರಪಯ್ಯ, ಪಾಂಬಬ್ಬೆ. ಅಯ್ಯ ಹಾಗೇ ಉಳಿದ. ಅಬ್ಬೆಯ ಜಾಗಕ್ಕೆ ಅಮ್ಮ ಬಂದಳು. ಇನ್ನು ‘ಪಾಂಬ’ಕ್ಕೆ ಆ್ಯಪ್‌ಗಳ ಥರ ‘ಅದೃಷ್ಟವಂತೆ’ ಅಂತ ಅರ್ಥ ಅಂಟಿಸೋಕೆ ನಾವು ಹೋಗಲ್ಲ.

ಅಜ್ಜಂಪುರದ ಕಡೆಗೆ ಬನ್ನಿ. ಅಂತರಘಟ್ಟೆಯ ದುರ್ಗಾಂಬೆಯನ್ನು ಜನ ಕರೆಯೋದು ಅಂತರಘಟ್ಟಮ್ಮ ಅಂತ. ಜಾತ್ರೆಗೆ ತರೀಕೆರೆ, ಭದ್ರಾವತಿ ಕಡೆಯಿಂದ ಎತ್ತು ಸಿಂಗರಿಸಿದ ಪಾನಕದ ಗಾಡಿಗಳು ಬರುತ್ತವೆ. ಊರ ಹೆಸರೇ ದೇವಿಯ ಹೆಸರು, ದೇವಿಯ ಹೆಸರೇ ಮಗಳ ಹೆಸರು. ಅಂಥ ಹೆಸರು ಹಾಜರಿಯಲ್ಲಿ ಕೂಗಿದರೆ ಕ್ಲಾಸು ಕಿಸಕ್ಕನೆ ನಗುತ್ತೆ. ಮುಂದಿನ ಸೆಮಿಸ್ಟರ್ ಹೊತ್ತಿಗೆ ಆ ಹುಡುಗಿ ‘ಅಂತರಾ’ ಆಗಿರ್ತಾಳೆ. ಹೆಸರು ಬದಲಿಸೋದು ಅವಳಿಷ್ಟ, ಸರಿ. ಆದರೆ ನಾವು ನಕ್ಕಿದ್ದಕ್ಕೆ ಬದಲಿಸಿದರೆ ಅದನ್ನು ಅವಳಿಷ್ಟ ಅನ್ನೋಕಾಗುತ್ತಾ?

ಎಲ್ಲರೂ ಮಗಳಿಗೆ ಪಾಂಬಬ್ಬೆ ಅಂತಲೇ ಇಡಿ ಅಂತ ನಾವು ಹೇಳ್ತಿಲ್ಲ. ಈ ಸಲ ರಜೆಗೆ ಊರಿಗೆ ಹೋದಾಗ ಅಜ್ಜಿಯ ಹೆಸರು, ಅಜ್ಜಿಯ ಅಮ್ಮನ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಆ ಹೆಸರು ಯಾಕೆ ಇಟ್ಟರು ಅಂತಲೂ ಕೇಳಿ. ತಾತನ ಹೆಸರು ನಮ್ಮ ಇನಿಷಿಯಲ್‌ನಲ್ಲಾದರೂ ಉಳಿದಿರುತ್ತೆ. ಅಜ್ಜಿಯ ಹೆಸರಿಗೆ ಆ ಒಂದು ಅಕ್ಷರದ ಜಾಗವೂ ಸಿಕ್ಕಿಲ್ಲ. ಕಡೂರಿನ ಕಲ್ಲು ಒಬ್ಬ ಹೆಣ್ಣುಮಗಳ ಹೆಸರನ್ನು ಸಾವಿರ ವರ್ಷ ಕಾಪಾಡಿದೆ. ನಾವು ಮೂರು ತಲೆಮಾರಾದರೂ ಕಾಪಾಡೋಣ.