ಡಿಸ್ಕಿನ ಪಾಲು

ಅಣ್ಣತಮ್ಮಂದಿರು ಪಾಲಾದರೆ ಊರೆಲ್ಲ ಮರುಗುತ್ತದೆ. ಕಂಪ್ಯೂಟರಿನ ಡಿಸ್ಕಾದರೋ ಪಾಲಾಗಿರಬೇಕು. ಪಾಲು ಮಾಡುವವನಿಗೆ ಗಡಿ ತಿಳಿದಿರಲೂ ಬೇಕು ಎಂಬುದು ನನ್ನ ಅಭಿಪ್ರಾಯ.

ಕಳೆದ ವರ್ಷ ನನ್ನ ಹಳೆಯ ಲ್ಯಾಪ್‌ಟಾಪಿನಿಂದ ವಿಂಡೋಸನ್ನು ತೆಗೆದು ಉಬುಂಟು ಹಾಕಿದೆ. ಜಾನಪದ ಪ್ರಬಂಧಕ್ಕೆಂದು ಅಜ್ಜಿಯಿಂದ ಹಾಡಿಸಿ ಧ್ವನಿಮುದ್ರಿಸಿದ್ದ ಸೋಬಾನೆ ಪದಗಳು ‘ಡಿ’ ಭಾಗದಲ್ಲಿದ್ದವು. ‘ಸಿ’ ಹೋದರೂ ‘ಡಿ’ ಉಳಿದೀತೆಂದು ನಿಶ್ಚಿಂತನಾಗಿದ್ದೆ. ಆದರೆ ನಾನು ಒತ್ತಿದ್ದು ಡಿಸ್ಕನ್ನೆಲ್ಲ ಅಳಿಸುವ ಆಯ್ಕೆಯನ್ನು. ಅದಕ್ಕೆ ಸಿ, ಡಿ ಎಂಬ ಭೇದವಿಲ್ಲ. ಸುಲಭವೆಂದು ತೋರುವುದೂ ಅದೇ ನೋಡಿ!

ಆದ್ದರಿಂದ ಸಹಪಾಠಿಗಳು ಕೈಯಾರೆ ಪಾಲು ಮಾಡುವ ಆಯ್ಕೆಗೆ ಹೆದರಬಾರದು. 256 ಜಿ.ಬಿ. ಡಿಸ್ಕಿನಲ್ಲಿ 50 ಜಿ.ಬಿ.ಯನ್ನು ವ್ಯವಸ್ಥೆಗೂ ಮಿಕ್ಕದ್ದನ್ನು ‘ಹೋಮ್’ ಎಂಬ ಭಾಗಕ್ಕೂ ಕೊಟ್ಟರೆ, ಮುಂದೆ ವ್ಯವಸ್ಥೆ ಕೆಟ್ಟಾಗ ಅದೊಂದನ್ನೇ ಹೊಸದಾಗಿ ಹಾಕಬಹುದು. ‘ಹೋಮ್’ ಎದುರಿಗೆ ಫಾರ್ಮ್ಯಾಟ್ ಗುರುತು ಬೀಳದಂತೆ ನೋಡಿಕೊಂಡರಾಯಿತು. ಇ.ಎಫ್.ಐ. ಎಂಬ ಸಣ್ಣ ಭಾಗವೊಂದಿದ್ದರೆ ಅದು ಯಂತ್ರ ಏಳುವುದಕ್ಕೆ ಬೇಕಾದದ್ದು, ಅಳಿಸಬಾರದು. ಹಳೆಯ ಎಂ.ಬಿ.ಆರ್. ಪಟ್ಟಿಯಲ್ಲಿ ಮುಖ್ಯ ಭಾಗಗಳು ನಾಲ್ಕೇ, ಈಗಿನ ಜಿ.ಪಿ.ಟಿ.ಯಲ್ಲಿ ಸಾಮಾನ್ಯವಾಗಿ 128ಕ್ಕೆ ಅವಕಾಶವುಂಟು. ಹಾಗೆಂದು ತುಂಡುಗಳನ್ನು ಹೆಚ್ಚಿಸಿದರೆ ಒಂದು ತುಂಬಿ ತುಳುಕುವಾಗ ಇನ್ನೊಂದು ಬರಿದಾಗಿರುತ್ತದೆ. ಡಿಸ್ಕೇ ಸತ್ತರೆ ಪಾಲುಗಳೆಲ್ಲ ಒಟ್ಟಿಗೇ ಸಾಯುವುದರಿಂದ ಒಂದು ನಕಲು ಬೇರೆಡೆ ಇರಲೇಬೇಕು.

ಅಜ್ಜಿ ಬೈಯದೆ ಮತ್ತೆ ಹಾಡಿದಳು. ಎರಡು ಪದಗಳು ಮಾತ್ರ ಅವಳ ನೆನಪಿಗೆ ಬರಲಿಲ್ಲ.