ಒಪ್ಪಂದ ಹರಿದುಹಾಕುವವರಿಗೆ ಚಪ್ಪಾಳೆ ತಟ್ಟಬೇಡಿ

1983ರ ಜುಲೈನಲ್ಲಿ ಶ್ರೀಲಂಕಾದ ಕೊಲಂಬೊದಲ್ಲಿ ಬೀದಿಗಿಳಿದ ಸಿಂಹಳ ಗುಂಪುಗಳ ಕೈಯಲ್ಲಿ ಪೆಟ್ರೋಲಿನ ಜೊತೆಗೆ ಮತದಾರರ ಪಟ್ಟಿಯೂ ಇತ್ತು. ಯಾವ ಬೀದಿ, ಎಷ್ಟನೇ ನಂಬರಿನ ಮನೆ, ಯಾವುದು ತಮಿಳರ ಹೆಸರು, ಎಲ್ಲಕ್ಕೂ ಅದೇ ಆಧಾರ. ವೋಟು ಹಾಕಲೆಂದು ಬರೆಸಿದ ಹೆಸರನ್ನೇ ಹಿಡಿದು ಮನೆಗೆ ಬೆಂಕಿ ಇಟ್ಟರು. ಪೊಲೀಸರು ಹಲವೆಡೆ ನೋಡುತ್ತ ನಿಂತರು.

ಜಾಫ್ನಾದಲ್ಲಿ ಪ್ರತ್ಯೇಕ ರಾಷ್ಟ್ರಕ್ಕಾಗಿ ಬಂದೂಕು ಹಿಡಿದ ತಮಿಳು ಹುಲಿಗಳು 13 ಸೈನಿಕರನ್ನು ಕೊಂದದ್ದು ಅದಕ್ಕೆ ನೆಪ. ಮದ್ದು ತುಂಬುವ ಕೆಲಸ ಅದಕ್ಕೂ ಬಹಳ ಮೊದಲೇ, ಸಂಸತ್ತಿನಲ್ಲಿ, ಬಹುಮತದಿಂದಲೇ ನಡೆದಿತ್ತು.

1956ರಲ್ಲಿ ಚುನಾವಣೆ ಗೆದ್ದು ಪ್ರಧಾನಿಯಾದ ಬಂಡಾರನಾಯಕೆ ಸಿಂಹಳವೊಂದೇ ಆಡಳಿತ ಭಾಷೆ ಎಂದು ಕಾನೂನು ತಂದರು. ಮರುವರ್ಷ ಅವರೇ ತಮಿಳು ನಾಯಕ ಚೆಲ್ವನಾಯಗಂ ಜೊತೆ ಒಪ್ಪಂದಕ್ಕೆ ಬಂದರು: ಉತ್ತರ, ಪೂರ್ವ ಭಾಗಗಳ ಆಡಳಿತದಲ್ಲಿ ತಮಿಳು, ಪ್ರಾದೇಶಿಕ ಮಂಡಳಿಗಳಿಗೆ ಅಧಿಕಾರ. ಅಷ್ಟಕ್ಕೇ ವಿರೋಧ ಪಕ್ಷದ ಜಯವರ್ಧನೆ ಕ್ಯಾಂಡಿಗೆ ಪಾದಯಾತ್ರೆ ಹೊರಟರು. 1958ರಲ್ಲಿ ಬೌದ್ಧ ಭಿಕ್ಷುಗಳು ಪ್ರಧಾನಿಯ ಮನೆ ಮುಂದೆ ಧರಣಿ ಕೂತರು, ಒಪ್ಪಂದ ಕಸದ ಬುಟ್ಟಿ ಸೇರಿತು. ಮುಂದಿನ ತಿಂಗಳೇ ಗಲಭೆ. ಮರುವರ್ಷ ಬಂಡಾರನಾಯಕೆ ಒಬ್ಬ ಭಿಕ್ಷುವಿನ ಗುಂಡಿಗೇ ಬಲಿಯಾದರು. ಇಷ್ಟಾದರೂ ಬುದ್ಧಿ ಬಂತೇ? 1965ರಲ್ಲಿ ಜಯವರ್ಧನೆಯವರ ಪಕ್ಷದ ಪ್ರಧಾನಿ ಡಡ್ಲಿ ಸೇನಾನಾಯಕೆ ಅದೇ ಚೆಲ್ವನಾಯಗಂ ಜೊತೆ ಮಾತಿಗೆ ಕೂತರೆ, ಈ ಸಲ ಬೊಬ್ಬೆ ಹೊಡೆದದ್ದು ಬಂಡಾರನಾಯಕೆ ಪಕ್ಷ! ಆ ಒಪ್ಪಂದವೂ ಮೂಲೆ ಸೇರಿತು. ಪಾದಯಾತ್ರೆಯ ಜಯವರ್ಧನೆ 1983ರ ಹೊತ್ತಿಗೆ ರಾಷ್ಟ್ರಾಧ್ಯಕ್ಷರು.

ಹುಲಿಗಳನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. 1990ರಲ್ಲಿ ಉತ್ತರದ ಮುಸ್ಲಿಮರನ್ನು ಊರು ಬಿಡಿಸಿದವರು ಅವರೇ. ಆದರೆ ಚೆಲ್ವನಾಯಗಂ ಅವರಂಥ ಸಂಭಾವಿತರಿಗೆ ಕೊಟ್ಟ ಮಾತು ಎರಡೆರಡು ಸಲ ತಪ್ಪಿದರೆ, ಮನೆಯ ಹುಡುಗರು ಬಂದೂಕಿನವನ ಮಾತು ಕೇಳದೆ ಇನ್ನಾರ ಮಾತು ಕೇಳುತ್ತಾರೆ? ಯುದ್ಧ ಮುಗಿದ 2009ರ ಮೇ ತನಕ ಹೆಣ ಬೀಳುತ್ತಲೇ ಇದ್ದವು.

ಲಂಕೆಗೆ ಬುದ್ಧಿ ಹೇಳುವ ಮೊದಲು ಕನ್ನಡಿಗರೇ, 1991ರ ಡಿಸೆಂಬರ್ ನೆನಪಿರಲಿ. ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನಲ್ಲಿ ಸುಟ್ಟದ್ದು ತಮಿಳು ಕೂಲಿಗಳ ಗುಡಿಸಲುಗಳನ್ನು. ಕಾವೇರಿಗೂ ಆ ಗುಡಿಸಲಿಗೂ ಏನು ಸಂಬಂಧ?

ನಾಳೆ ನಿಮ್ಮ ಪಕ್ಷದವರೇ ನೆರೆಭಾಷೆಯವರ, ಬೇರೆ ಧರ್ಮದವರ ಜೊತೆ ರಾಜಿಗೆ ಕೂತಾಗ ಯಾರೋ ‘ದ್ರೋಹಿ’ ಎಂದು ಕೂಗುತ್ತಾರೆ. ಆ ಕೂಗಿಗೆ ದನಿ ಸೇರಿಸಬೇಡಿ. ಕೂಗುವವರು ನಿಮ್ಮವರಾದರೆ ಎದ್ದು ನಿಂತು ತಡೆಯಿರಿ. ಬೆಂಕಿ ಇಟ್ಟವನು ನಿಮ್ಮ ಜಾತಿಯವನಾದರೂ ಅವನ ಮೇಲಿನ ಕೇಸು ವಾಪಸ್ ತೆಗೆಯಲು ಬಿಡಬೇಡಿ. ಕೇಸು ತೆಗೆಸುತ್ತೇನೆ ಎಂದು ವೋಟು ಕೇಳಲು ಬಂದವನನ್ನು ಬಾಗಿಲಲ್ಲೇ ವಾಪಸ್ ಕಳಿಸಿ.